ಎಣಿಸುವುದಾದರೆ ಏಪ್ರಿಲ್‌ನಲ್ಲಿ ಬನ್ನಿ

ಜರ್ಮನಿಯ ಬೀಚ್ ಕಾಡುಗಳಲ್ಲಿ ಒಂದಿಷ್ಟನ್ನಾದರೂ ಅವುಗಳ ಪಾಡಿಗೆ ಬಿಡಬೇಕೆಂದು ನಾನು ಬರೆದದ್ದಕ್ಕೆ ಅರಣ್ಯಶಾಸ್ತ್ರ ಓದಿದ ಮೂವರು ಗೆಳೆಯರು ತಕರಾರು ತೆಗೆದಿದ್ದಾರೆ. (ಬೀಚ್ ಎಂದೊಡನೆ ಮಲ್ಪೆಯೋ ಗೋಕರ್ಣವೋ ಕಣ್ಣಿಗೆ ಬಂದವರಿಗೆ ಒಂದು ಮಾತು: ಇದು ಮರ. ನುಣುಪಾದ ಬೂದು ತೊಗಟೆಯ, ಯುರೋಪಿನ ಕಾಡಿನ ಯಜಮಾನ. ನಮ್ಮ ಘಟ್ಟದಲ್ಲಿಲ್ಲ.) ಕೊಡಲಿ ನಿಂತರೆ ಮರದಡಿಯ ಗಿಡಗಳು ಅಳಿಯುತ್ತವೆ ಎಂಬುದು ಅವರ ವಾದದ ತಿರುಳು.

ಮೊದಲನೆಯವರು ಅಂಕಿ ಇಟ್ಟುಕೊಂಡೇ ಬಂದಿದ್ದಾರೆ: ಕಡಿಯದ ಕಾಡಿನ ನೆಲದಲ್ಲಿ ಸಸ್ಯಜಾತಿಗಳು ಕಡಿಮೆ. ಒಪ್ಪಿದೆ. ಯುರೋಪಿನ ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿ 2010ರಲ್ಲಿ ಯೋವಾನ್ ಪಾಯೆ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯೂ ನೆಲದ ಗಿಡಗಳ ಮಟ್ಟಿಗೆ ಆ ಕಡೆಗೇ ವಾಲುತ್ತದೆ. ಆದರೆ ಅದೇ ಬರಹದಲ್ಲಿ ಹಾವಸೆ, ಕಲ್ಲುಹೂವು, ಅಣಬೆ, ಸತ್ತ ಮರವನ್ನೇ ನಂಬಿದ ಜೀರುಂಡೆಗಳು ಕಡಿಯದ ಕಾಡಿನಲ್ಲೇ ಹೆಚ್ಚು ಎಂದೂ ಇದೆ. ಆ ಪುಟವನ್ನು ಗೆಳೆಯರು ಮಡಚಿಟ್ಟಿದ್ದಾರೆ.

ಇನ್ನು, ಕಡಿದ ಕಾಡಿನಲ್ಲಿ ಹೆಚ್ಚುವರಿಯಾಗಿ ಸಿಗುವ ಗಿಡಗಳು ಯಾವುವು? ನಾಟಾ ಎಳೆಯುವ ಯಂತ್ರ ಹೋದ ದಾರಿಯಲ್ಲಿ ನಿಂತು ನೋಡಬೇಕು. ಜರ್ಮನಿಯಲ್ಲಿ ಇಂಥ ದಾರಿ ಅನೇಕ ಕಡೆ 20 ಮೀಟರಿಗೊಂದು, ಅಗಲ ಸುಮಾರು 4 ಮೀಟರ್. ಲೆಕ್ಕ ಹಾಕಿದರೆ ಕಾಡಿನ ಐದನೇ ಒಂದು ಪಾಲು ದಾರಿಯೇ ಆಯಿತು. ಗಾಲಿ ಇಳಿದ ಗುಂಡಿಯಲ್ಲಿ ಮಣ್ಣು ಇಟ್ಟಿಗೆಯಂತೆ ಬಿಗಿದು ನೀರು ಇಂಗುವುದಿಲ್ಲ. ಅಲ್ಲಿ ಜೊಂಡು ಎದ್ದಿರುತ್ತದೆ. ಅಂಚಿನಲ್ಲಿ ತುರಿಕೆ ಗಿಡ, ರಾಸ್ಪ್‌ಬೆರಿ ಪೊದೆ. ಪಟ್ಟಿ ಉದ್ದವಾಯಿತು, ಸರಿ. ಇವು ಯಾವ ಊರಿನ ಚರಂಡಿಯ ಬದಿಯಲ್ಲೂ ಸಿಗುತ್ತವೆ. ಮನೆಗೆ ನುಗ್ಗಿದವರನ್ನೂ ಸೇರಿಸಿ ಕುಟುಂಬ ದೊಡ್ಡದಾಯಿತು ಎಂದು ಜನಗಣತಿಯವರಿಗೆ ಬರೆಸಿದಂತಾಯಿತು ಇದು.

ಎರಡನೆಯವರ ಮಾತು ಇನ್ನೂ ಖಡಕ್ಕು: ‘ಒಳಗೆ ಹೋಗಿ ನೋಡಿ, ತರಗೆಲೆ ಬಿಟ್ಟು ಬೇರೇನಿಲ್ಲ.’ ಯಾವ ತಿಂಗಳಲ್ಲಿ ಹೋಗಿದ್ದಿರಿ ಸ್ವಾಮಿ? ಬೇಸಿಗೆಯ ನಡುವೆ ಬೀಚ್ ಎಲೆಗಳ ಚಪ್ಪರ ದಾಟಿ ನೆಲಕ್ಕೆ ಬರುವುದು ಬಿಸಿಲಿನ ನೂರರಲ್ಲಿ ಕೆಲವೇ ಪಾಲು. ಆದರೆ ಎಲೆ ಮೂಡುವುದು ಏಪ್ರಿಲ್ ಕೊನೆಗೆ, ಮೇ ಮೊದಲಿಗೆ. ಅದಕ್ಕೆ ಮೊದಲಿನ ಆರೇಳು ವಾರ ನೆಲದ ಗಿಡಗಳ ಸುಗ್ಗಿ. ಥುರಿಂಗಿಯಾದ ಹೈನಿಖ್ ಒಂದು ಕಾಲಕ್ಕೆ ಸೇನೆಯ ತಾಲೀಮು ನಡೆಯುತ್ತಿದ್ದ ಜಾಗ. 1997ರ ಕೊನೆಯ ದಿನ ರಾಷ್ಟ್ರೀಯ ಉದ್ಯಾನವಾಯಿತು, 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಸುಣ್ಣಕಲ್ಲಿನ ಆ ನೆಲದಲ್ಲಿ ಏಪ್ರಿಲ್ ಬೆಳಿಗ್ಗೆ ನಡೆದರೆ ಹೂವು ಕಾಣುವ ಮೊದಲೇ ಮೂಗಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಡಿಯುತ್ತದೆ. ಅದು ಕಾಡು ಬೆಳ್ಳುಳ್ಳಿ, ಕಣ್ಣು ಹೋದಷ್ಟು ದೂರ. ನಡುನಡುವೆ ಬಿಳಿ ಅನಿಮೊನಿ. ಈ ಅನಿಮೊನಿಯ ಬೇರುಗಡ್ಡೆ ವರ್ಷಕ್ಕೆ ಹರಿಯುವುದು ಕೆಲವೇ ಸೆಂಟಿಮೀಟರ್, ಬೀಜ ಹೊರುವುದು ಇರುವೆ. ಯಂತ್ರದ ಗಾಲಿಗೆ ಒಮ್ಮೆ ಸಿಕ್ಕಿ ಹೋದರೆ ಆ ಜಾಗಕ್ಕೆ ಮರಳಲು ಎಷ್ಟು ತಲೆಮಾರು ಬೇಕೋ ನೀವೇ ಎಣಿಸಿ. ಜುಲೈಗೆ ಎಲ್ಲವೂ ಮಣ್ಣಿನೊಳಗೆ ಮಲಗಿರುತ್ತವೆ. ಮರಳು ಮಿಶ್ರಿತ ಹುಳಿ ಮಣ್ಣಿನ ಬೀಚ್ ಕಾಡುಗಳಲ್ಲಿ ವಸಂತದಲ್ಲೂ ಹೆಚ್ಚೇನು ಕಾಣದು, ಹೌದು. ಅಲ್ಲಿ ಮಣ್ಣೇ ಹಾಗೆ. ಮರ ಕಡಿದು ಹುಳಿ ಮಣ್ಣನ್ನು ಸಿಹಿ ಮಾಡಲಾಗದು.

ಕಡಿಯದಿದ್ದರೆ ಬೆಳಕಿನ ಕಿಂಡಿಯೇ ತೆರೆಯದು ಎಂಬುದು ಮೂರನೆಯ ಆಕ್ಷೇಪ. ಮೂರರಲ್ಲಿ ಇದಕ್ಕೇ ತೂಕ ಹೆಚ್ಚು. ಜರ್ಮನಿಯ ಹೆಚ್ಚಿನ ಮೀಸಲುಗಳಲ್ಲಿ ಕೊಡಲಿ ನಿಂತು ಕೆಲವು ದಶಕಗಳಷ್ಟೇ ಆಗಿವೆ. ಬೀಚ್ ಮರವನ್ನು ನಾಟಾಕ್ಕೆ ಕಡಿಯುವುದು 120-140 ವರ್ಷಕ್ಕೆ. ಬಿಟ್ಟರೆ ಅದು ಮುನ್ನೂರರ ಆಸುಪಾಸು ಬಾಳುತ್ತದೆ. ಅಂದರೆ ಈ ಮೀಸಲುಗಳು ಈಗ ತುಂಬು ಪ್ರಾಯದಲ್ಲಿವೆ, ಚಪ್ಪರ ಅತ್ಯಂತ ದಟ್ಟವಾಗಿರುವ ಹೊತ್ತು. ಮೂವತ್ತು ವರ್ಷ ನೋಡಿ ಮುನ್ನೂರರ ಜಾತಕ ಬರೆಯಲು ಹೊರಟರೆ ಕತ್ತಲೆಯೇ ಕಾಣುತ್ತದೆ. ಮೆಕ್ಲೆನ್‌ಬುರ್ಗ್‌ನ ‘ಹೈಲಿಗೆ ಹಾಲ್ಲೆನ್’ ಕಾಡನ್ನು ದೊರೆ ಗೆಯೋರ್ಗ್ 1850ರ ಹೊತ್ತಿಗೇ ಕೊಡಲಿಯಿಂದ ಕಾಪಾಡಿದ. ಗುಡಿಯ ಕಂಬಗಳಂತೆ ನಿಂತಿದ್ದ ಅಲ್ಲಿನ ಮುದಿ ಮರಗಳು ಒಂದೊಂದಾಗಿ ಉರುಳಿವೆ, ಬಿಸಿಲು ತಾನಾಗಿ ಇಳಿದಿದೆ. ಬಿದ್ದ ಮರವನ್ನು ಯಾರೂ ಹೊತ್ತೊಯ್ಯದ್ದರಿಂದ ಯುರೋಪಿನ ಬೀಚ್ ಮೀಸಲುಗಳಲ್ಲಿ ಹೆಕ್ಟೇರಿಗೆ ಸರಾಸರಿ 130 ಘನ ಮೀಟರ್ ಸತ್ತ ಮರವಿದೆ ಎಂದು 2005ರ ಒಂದು ಲೆಕ್ಕ ಹೇಳುತ್ತದೆ. ಅಂಥ ಕಾಡಿನಲ್ಲಿ ಬಿದ್ದು ಕೊಳೆತ ಕಾಂಡಕ್ಕೆ ಬೆರಳು ಒತ್ತಿದರೆ ನೆನೆದ ಅವಲಕ್ಕಿಯಂತೆ ಒಳಗೆ ಇಳಿಯುತ್ತದೆ. ಮೇಲೆ ಹಾವಸೆಯ ಹೊದಿಕೆ. ಅದರ ಮೇಲೆ ಮೂರೆಲೆಯ ಸಾರಲ್, ನಮ್ಮ ಪುಲ್ಲಂಪುರಚಿಯ ನೆಂಟ. ಗೆಳೆಯರ ಎಣಿಕೆಯ ಚೌಕಟ್ಟು ನೆಲದ ಮೇಲಿತ್ತೋ ಈ ಕಾಂಡದ ಮೇಲಿತ್ತೋ ತಿಳಿಯದು.

ಒಂದು ನಷ್ಟ ನಿಜ, ಮುಚ್ಚಿಡುವುದಿಲ್ಲ. ಸೌದೆಗಾಗಿ ಶತಮಾನಗಳಿಂದ ಕಡಿದು ಚಿಗುರಿಸುತ್ತ ಬಂದ ಓಕ್ ತೋಪುಗಳನ್ನು ಬಿಟ್ಟರೆ ಬೀಚ್ ಬಂದು ಆವರಿಸುತ್ತದೆ, ಬಿಸಿಲು ಬಯಸುವ ಅಪರೂಪದ ಗಿಡಗಳು ಹೋಗುತ್ತವೆ. ಅಲ್ಲಿ ಕೊಡಲಿ ಇರಲಿ, ನಾನೂ ಪರ. ಆದರೆ ಒಟ್ಟು ಜಮಾಖರ್ಚನ್ನೂ ನೋಡಿ. ತನ್ನ ಕಾಡಿನ ನೂರರಲ್ಲಿ 5 ಪಾಲನ್ನು 2020ರೊಳಗೆ ಮುಟ್ಟದೆ ಬಿಡುವುದಾಗಿ ಜರ್ಮನಿ 2007ರಲ್ಲಿ ಹೇಳಿತು. 2019ರಲ್ಲಿ ಎಣಿಸಿದಾಗ ಸಿಕ್ಕಿದ್ದು 2.8. ರಾಸ್ಪ್‌ಬೆರಿಗೂ ಜೊಂಡಿಗೂ ಉಳಿದ ತೊಂಬತ್ತೇಳು ಪಾಲು ಸಾಲದೆ?