ಭರಣಿಗೊಂದು ನ್ಯಾಯ, ಬಕೆಟ್ಟಿಗೊಂದು ನ್ಯಾಯವೇ?



ಕಳೆದ ತಿಂಗಳ ಸಭೆಯಲ್ಲಿ ನಮ್ಮ ಕೂಟದ ಮುಂದೆ ಒಂದು ಠರಾವು ಬಂದಿದೆ. ಮನೆಯಲ್ಲಿ ಬಿಯರ್ ಮಾಡುವ ಸದಸ್ಯನನ್ನು ಕೂಟದಿಂದ ತೆಗೆಯಬೇಕು, ಅವನ ಕುಟುಂಬಕ್ಕೆ ಕಷ್ಟನಿಧಿಯಿಂದ ಸಹಾಯ ಕೊಡಬಾರದು, ಅವನ ಹೆಸರನ್ನು ಅಬಕಾರಿಯವರಿಗೆ ತಿಳಿಸಬೇಕು ಎಂಬುದು ಅದರ ಸಾರಾಂಶ. ಬರುವ ಸಭೆಯಲ್ಲಿ ಅದನ್ನು ಮತಕ್ಕೆ ಹಾಕಲಾಗುತ್ತದೆ. ಜ್ಞಾನೋಪದೇಶ ಕಲಿಸುವ, ಯೂನಿಯನ್ನಿನ ಚಂದಾ ಎತ್ತುವ ನಾವು ನಾಲ್ಕಾರು ಮಂದಿ ಈ ಠರಾವನ್ನು ವಿರೋಧಿಸುತ್ತೇವೆ. ಏಕೆಂಬುದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮನ್ನು ಕುಡಿತದ ವಕೀಲರೆಂದು ಕರೆಯುವವರು ಇದ್ದಾರೆ. ಕರೆಯಲಿ. ಶನಿವಾರ ಸಂಜೆ ಬಟವಾಡೆಯಾದ ಮೇಲೆ ಬರಿಗೈಯಲ್ಲಿ ಮನೆಗೆ ಬಂದ ಗಂಡಂದಿರನ್ನು ನಾವೂ ಕಂಡಿದ್ದೇವೆ. ಮಕ್ಕಳ ಪುಸ್ತಕಕ್ಕೆ ಇಟ್ಟ ದುಡ್ಡು ಹೋದ ಮನೆಗಳಲ್ಲಿ ಕೂತು ಆ ಹೆಂಗಸರ ಕಣ್ಣೀರು ನೋಡಿದ್ದೇವೆ. ಕುಡಿತ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಸುಳ್ಳು ಹೇಳಿ ಬಡವನನ್ನು ಹೊರಗೆ ಹಾಕಬೇಡಿ ಎಂದು ಮಾತ್ರ ಹೇಳುತ್ತೇವೆ.

ಠರಾವು ಹುಟ್ಟಿದ್ದು ಹೇಗೆಂಬುದು ನಿಮಗೆ ಗೊತ್ತು. ಕ್ವಾರ್ಟರ್ಸಿನಲ್ಲಿ ಬಾಡಿಗೆಗಿರುವ ನಮ್ಮ ಸದಸ್ಯನೊಬ್ಬ, ಗಲ್ಫಿನಿಂದ ಹಿಂತಿರುಗಿ ಈಗ ದಿನಗೂಲಿಗೆ ಹೋಗುವವನು, ಪಾರ್ಸೆಲಿನಲ್ಲಿ ಒಂದು ಬಿಯರ್ ಕಿಟ್ ತರಿಸಿದ. ಒಂದು ಬಕೆಟ್ಟಿನಲ್ಲಿ ಅದನ್ನು ಹುದುಗಲು ಇಟ್ಟ. ಮಾರಲಿಲ್ಲ, ಜಗಳ ಮಾಡಲಿಲ್ಲ. ವಾಸನೆ ಪಕ್ಕದ ಕೋಣೆಗೆ ಹೋಯಿತು, ಮಾತು ಇಗರ್ಜಿಯ ಮೆಟ್ಟಲಿಗೆ ಬಂತು. ಅದೇ ವಾರ ಅವನ ಹೆಂಡತಿ ಆಸ್ಪತ್ರೆ ಖರ್ಚಿಗೆಂದು ಕಷ್ಟನಿಧಿಗೆ ಅರ್ಜಿ ಹಾಕಿದ್ದಳು. ಕೇಳಿದ್ದು 5,000 ರೂಪಾಯಿ. ಠರಾವು ತೀರ್ಮಾನವಾಗುವ ತನಕ ಅರ್ಜಿಯನ್ನು ತಡೆಹಿಡಿದಿದ್ದಾರೆ. ಬಕೆಟ್ಟು ಗಂಡನದು, ಹೊಟ್ಟೆನೋವು ಹೆಂಡತಿಯದು. ಶಿಕ್ಷೆ ಯಾರಿಗೆ ಬಿತ್ತು ನೋಡಿ.

ಆ ಬಕೆಟ್ಟಿನಲ್ಲಿ ಇದ್ದದ್ದೇನು? ಸಭೆಯಲ್ಲಿ ಒಬ್ಬರು “ವಿಷ” ಎಂದರು, ಇನ್ನೊಬ್ಬರು “ಕಳ್ಳಭಟ್ಟಿ” ಎಂದರು. ಎರಡೂ ಅಲ್ಲ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಮಗುವಿನ ಗಂಜಿಗೆ ನಮ್ಮ ತಾಯಂದಿರು ರಾಗಿಯನ್ನು ಮೊಳಕೆ ಬರಿಸುವ ಕ್ರಮವೇ ಅದು. ಮೊಳಕೆ ಬಂದಾಗ ಧಾನ್ಯದ ಹಿಟ್ಟು ಸಕ್ಕರೆಯಾಗಲು ಹದವಾಗುತ್ತದೆ. ಮಾಲ್ಟಿನ ರಸವನ್ನು ಜೋನಿಬೆಲ್ಲದಂತೆ ಗಟ್ಟಿಮಾಡಿ, ಹಾಪ್ಸ್ ಎಂಬ ಕಹಿ ಹೂವಿನ ಸತ್ವ ಸೇರಿಸಿ ಡಬ್ಬಿಯಲ್ಲಿ ತುಂಬಿದ್ದೇ ಕಿಟ್. ಜೊತೆಗೆ ಒಂದು ಚಿಕ್ಕ ಪೊಟ್ಟಣ ಯೀಸ್ಟ್. ಡಬ್ಬಿಯ ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ಸಕ್ಕರೆ ಹಾಕಿ, ಸುಮಾರು 20 ಲೀಟರಿಗೆ ನೀರು ತುಂಬಿ, ತಣಿದ ಮೇಲೆ ಯೀಸ್ಟ್ ಉದುರಿಸಿ ಮುಚ್ಚಿಡುತ್ತಾರೆ. ಒಂದು ವಾರ, ಹತ್ತು ದಿನದಲ್ಲಿ ಹುದುಗುವಿಕೆ ಮುಗಿಯುತ್ತದೆ. ಬಾಟ್ಲಿಗೆ ತುಂಬಿ ಇನ್ನೆರಡು ವಾರ ಇಟ್ಟರೆ ಬಿಯರ್. ಅದರಲ್ಲಿ ಅಮಲಿನ ಅಂಶ ನೂರಕ್ಕೆ 4 ಅಥವಾ 5.

ಅಪಾಯವೇ ಇಲ್ಲವೆಂದು ಹೇಳುವುದಿಲ್ಲ. ಪಾತ್ರೆ ಶುಚಿಯಿಲ್ಲದಿದ್ದರೆ ಹುಳಿಯಾಗಿ ಹಾಳಾಗುತ್ತದೆ. ಹುದುಗು ಮುಗಿಯುವ ಮೊದಲೇ ಬಾಟ್ಲಿಗೆ ತುಂಬಿದರೆ ಗ್ಯಾಸು ತುಂಬಿ ಬಾಟ್ಲಿ ಸಿಡಿಯುತ್ತದೆ, ಗಾಜು ಕಣ್ಣಿಗೆ ಹೊಡೆಯಬಹುದು. ಯೀಸ್ಟಿಗೆ ಬೇಕಾದದ್ದು 20 ಡಿಗ್ರಿಯ ತಂಪು. ನಮ್ಮ ಕರಾವಳಿಯ ಸೆಕೆಯಲ್ಲಿ ರುಚಿ ಕೆಡುತ್ತದೆ, ಕುಡಿದವನಿಗೆ ತಲೆಸಿಡಿತ ಹೆಚ್ಚು. ಆದರೆ ಜನರನ್ನು ಸಾಲುಸಾಲಾಗಿ ಕೊಲ್ಲುವ ವಿಷ ಅದಲ್ಲ.

ಆ ವಿಷ ಯಾವುದು? ಮೆಥನಾಲ್. ಕಾರ್ಖಾನೆಗಳಲ್ಲಿ ಬಳಸುವ ಸ್ಪಿರಿಟ್. 1982ರ ಓಣಂ ಸಮಯದಲ್ಲಿ ವೈಪೀನಿನಲ್ಲಿ 70ಕ್ಕೂ ಹೆಚ್ಚು ಮಂದಿ ಸತ್ತದ್ದು ಅದರಿಂದ. 2000ದಲ್ಲಿ ಕಲ್ಲುವಾದುಕ್ಕಲ್‌ನಲ್ಲಿ 30ಕ್ಕೂ ಹೆಚ್ಚು ಮಂದಿ, 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತದ್ದೂ ಅದರಿಂದಲೇ. ಇವರು ಯಾರೂ ಮನೆಯಲ್ಲಿ ಬಾರ್ಲಿ ಹುದುಗಿಸಿ ಕುಡಿದು ಸತ್ತವರಲ್ಲ. ಲಾಭಕ್ಕಾಗಿ ಸ್ಪಿರಿಟ್ ಬೆರೆಸಿ ಮಾರಿದ ವ್ಯಾಪಾರಿಗಳ ಕೈಯಿಂದ ಕೊಂಡು ಕುಡಿದ ಕೂಲಿಗಳು. ಅವರ ಕೊಲೆಯ ಪಾಪವನ್ನು ಕ್ವಾರ್ಟರ್ಸಿನ ಒಂದು ಬಕೆಟ್ಟಿನ ತಲೆಗೆ ಕಟ್ಟಿದರೆ ನಿಜವಾದ ಕೊಲೆಗಾರ ಬಾಗಿಲ ಸಂದಿಯಿಂದ ನುಸುಳಿಹೋಗುತ್ತಾನೆ.

ಈಗ ಭರಣಿಯ ಮಾತಿಗೆ ಬರೋಣ. ಇದನ್ನು ಬರೆಯಲು ನಮಗೂ ಮುಜುಗರ. ಆದರೂ ಬರೆಯಲೇಬೇಕು.

ಠರಾವಿಗೆ ಸಹಿ ಹಾಕಿದವರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ನವೆಂಬರ್ ತಿಂಗಳಿಗೆ ಭರಣಿ ಕೆಳಗೆ ಇಳಿಯುತ್ತದೆ? ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ, ಒಂದು ಚಮಚ ಯೀಸ್ಟ್. ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಿ, 21 ದಿನವಾದ ಮೇಲೆ ಸೋಸಿ, ಕ್ರಿಸ್ಮಸ್ಸಿಗೆ ಕೇಕಿನ ಜೊತೆ ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ. ನಾವೂ ಕುಡಿದಿದ್ದೇವೆ. ಚೆನ್ನಾಗಿಯೇ ಇತ್ತು. ಗುರುಗಳಿಗೂ ಒಂದು ಬಾಟ್ಲಿ ಹೋಗುತ್ತದೆ.

ಆ ಭರಣಿಯೊಳಗೆ ನಡೆಯುವುದು ಏನು? ಬಕೆಟ್ಟಿನೊಳಗೆ ನಡೆದದ್ದೇ. ಯೀಸ್ಟ್ ಸಕ್ಕರೆಯನ್ನು ತಿಂದು ಅಮಲನ್ನೂ ಗ್ಯಾಸನ್ನೂ ಬಿಡುತ್ತದೆ. ಅದಕ್ಕೆ ದ್ರಾಕ್ಷಿಯ ಮರ್ಯಾದೆಯೂ ಗೊತ್ತಿಲ್ಲ, ಬಾರ್ಲಿಯ ಬಡತನವೂ ಗೊತ್ತಿಲ್ಲ. ಲೆಕ್ಕ ಹಿಡಿದರೆ ಚೆನ್ನಾಗಿ ಹುದುಗಿದ ವೈನಿನಲ್ಲಿ ಅಮಲು ಬಿಯರಿನ ಎರಡು ಪಟ್ಟು. ಮೆಥನಾಲಿನ ಭಯ ಹೇಳುವವರು ಇದನ್ನೂ ಕೇಳಬೇಕು: ಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಶದಿಂದ ವೈನಿನಲ್ಲಿ ಅದು ಲವಲೇಶ ಹುಟ್ಟುತ್ತದೆ, ಧಾನ್ಯದ ಬಿಯರಿನಲ್ಲಿ ಅದಕ್ಕಿಂತಲೂ ಕಡಿಮೆ. ಎರಡರಲ್ಲೂ ಅದು ಕೊಲ್ಲುವಷ್ಟು ಇರುವುದಿಲ್ಲ. ಹಾಗಾದರೆ ಭರಣಿ ಸಂಪ್ರದಾಯ, ಬಕೆಟ್ಟು ಪಾಪ ಎಂದು ಹೇಳಿದ್ದು ಯಾವ ವಿಜ್ಞಾನ? ಯಾವ ಜ್ಞಾನೋಪದೇಶ? ಭರಣಿ ಇರುವುದು ಹೆಂಚಿನ ದೊಡ್ಡ ಮನೆಯ ಉಗ್ರಾಣದಲ್ಲಿ, ಬಕೆಟ್ಟು ಇರುವುದು ಬಾಡಿಗೆಯ ಒಂದು ಕೋಣೆಯಲ್ಲಿ. ವ್ಯತ್ಯಾಸ ಅಷ್ಟೇ.

ಶಾಸ್ತ್ರದ ಮಾತೆತ್ತುವವರಿಗೂ ಉತ್ತರವಿದೆ. ಕಾನಾ ಊರಿನ ಮದುವೆಮನೆಯಲ್ಲಿ ಆರು ಕಲ್ಲಿನ ಬಾನೆಗಳಲ್ಲಿ ತುಂಬಿದ್ದು ಏನೆಂದು ಒಂದನೆಯ ಕ್ಲಾಸಿನ ಮಗುವೂ ಹೇಳುತ್ತದೆ. ಕುಡಿದು ಮತ್ತರಾಗಬೇಡಿ ಎಂದು ಎಚ್ಚರಿಸಿದ ಪೌಲನೇ, ಹೊಟ್ಟೆಯ ಬೇನೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳುವಂತೆ ತಿಮೊಥೆಯನಿಗೆ ಬರೆದ. ನಮ್ಮ ಸಭೆಯ ಹಳೆಯ ರೋಮನ್ ಸಂಸ್ಕಾರ ಗ್ರಂಥದಲ್ಲಿ ಬಿಯರನ್ನು ಆಶೀರ್ವದಿಸುವ ಪ್ರಾರ್ಥನೆಯೇ ಇದೆ. ಬೆಲ್ಜಿಯಮ್ ದೇಶದ ಟ್ರಾಪಿಸ್ಟ್ ಸನ್ಯಾಸಿಗಳು ಮಠದ ಗೋಡೆಯೊಳಗೆ ಬಿಯರ್ ಮಾಡಿಸಿ ಮಠದ ಖರ್ಚು ನಡೆಸುತ್ತಾರೆ. ಅಮಲೇರುವುದು ಪಾಪವೆಂದು ಸಭೆ ಕಲಿಸಿದೆ. ಹುದುಗುವುದು ಪಾಪವೆಂದು ಕಲಿಸಿಲ್ಲ.

ಇನ್ನು ಕಾನೂನು. ಇಲ್ಲಿ ನಾವು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಕೇರಳದಲ್ಲಿ ಅಪರಾಧ. ಅಬಕಾರಿ ಕಾಯ್ದೆಯ 55ನೆಯ ಕಲಮಿನಂತೆ 10 ವರ್ಷದ ತನಕ ಸಜೆ, ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಠಾಣೆಯಲ್ಲೇ ಜಾಮೀನು ಸಿಗುವ ಕೇಸು ಅಲ್ಲ. ಬಕೆಟ್ಟಿನಲ್ಲಿರುವುದು ಬಿಯರೋ, ಭಟ್ಟಿ ಇಳಿಸಲು ಇಟ್ಟ ಹುಳಿರಸವೋ ಎಂದು ವಾದಿಸಲು ಕೂಲಿಯವನಿಗೆ ವಕೀಲ ಎಲ್ಲಿಂದ ಬರಬೇಕು? ಆದ್ದರಿಂದ ಸಹೋದರರೇ, ಕಾನೂನು ಹೀಗಿರುವಷ್ಟು ದಿನ ಕಿಟ್ ತರಿಸಬೇಡಿ, ಬಕೆಟ್ಟು ಇಡಬೇಡಿ. ನಿಮ್ಮ ಮಕ್ಕಳ ಅನ್ನ ಹೋಗುತ್ತದೆ. ಆ ಸದಸ್ಯನಿಗೂ ನಾವು ಇದನ್ನೇ ಹೇಳಿದೆವು. ಅವನು ಒಪ್ಪಿ ಎಲ್ಲವನ್ನೂ ಚರಂಡಿಗೆ ಚೆಲ್ಲಿದ್ದಾನೆ.

ಆದರೆ ಅದೇ ಕಾನೂನು ಭರಣಿಗೂ ಅನ್ವಯಿಸುತ್ತದೆ ಎಂಬುದನ್ನು ಠರಾವಿನವರು ಮರೆತಿದ್ದಾರೆ. 2019ರ ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿನ ಮೊದಲು ಅಬಕಾರಿ ಇಲಾಖೆಯೇ ಮನೆಯಲ್ಲಿ ವೈನ್ ಮಾಡುವುದೂ ಅಪರಾಧವೆಂದು ಎಚ್ಚರಿಸಿತ್ತು. ಆಗ ನಮ್ಮ ಇಗರ್ಜಿಗಳ ಅಂಗಳದಲ್ಲಿ ಎಷ್ಟು ಗದ್ದಲ! ಸಂಪ್ರದಾಯಕ್ಕೆ ಕೈಹಾಕುತ್ತಾರೆ ಎಂದು ಎಷ್ಟು ಸಿಟ್ಟು! ಅಂದು ಸಿಟ್ಟಾದವರೇ ಇಂದು ಬಡವನ ಹೆಸರನ್ನು ಅಬಕಾರಿಯವರಿಗೆ ಕೊಡಬೇಕೆನ್ನುತ್ತಾರೆ. ಹೆಸರು ಕೊಡುವುದಾದರೆ ಭರಣಿಯ ಹೆಸರುಗಳನ್ನೂ ಕೊಡಿ. ಮೊದಲ ಹೆಸರು ನಿಮ್ಮದೇ ಇರಲಿ.

ಸರಕಾರದ ಧರ್ಮವನ್ನೂ ನೋಡಿ. 1984ರಲ್ಲಿ ಸ್ಥಾಪನೆಯಾದ ಸರಕಾರಿ ನಿಗಮದ ಅಂಗಡಿಯಲ್ಲಿ ಸಾಲು ನಿಂತು ಕೊಂಡರೆ ಮದ್ಯ ಸಕ್ರಮ. ವಿದೇಶಿ ಮದ್ಯದ ಮೇಲಿನ ಮಾರಾಟ ತೆರಿಗೆಯನ್ನು 2022ರ ಕೊನೆಯಲ್ಲಿ ಶೇಕಡಾ 247ರಿಂದ 251ಕ್ಕೆ ಏರಿಸಲಾಯಿತು. ಕೂಲಿಯವನ ಜೇಬಿನಿಂದ ಖಜಾನೆಗೆ ದುಡ್ಡು ಹರಿದರೆ ತಪ್ಪಿಲ್ಲ, ಹರಿಯದಿದ್ದರೆ ಹತ್ತು ವರ್ಷ ಜೈಲು. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಲೈಸೆನ್ಸನ್ನು 1963ರಲ್ಲೇ ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಸ್ವಂತ ಬಳಕೆಗೆ ಒಂದು ಮಿತಿಯೊಳಗೆ ಮಾಡಲು ತೆರಿಗೆಯಿಲ್ಲದೆ ಬಿಟ್ಟಿತು. ಮಾರಲು ಬಿಡಲಿಲ್ಲ, ಮಾಡಲು ಬಿಟ್ಟಿತು. ಇಲ್ಲಿಯೂ 2022ರಲ್ಲಿ ಹಣ್ಣಿನ ವೈನಿನ ಸಣ್ಣ ಘಟಕಗಳಿಗೆ ಪರವಾನಗಿ ಕೊಡುವ ನಿಯಮ ಬಂತು. ಬಂಡವಾಳ ಇದ್ದವನಿಗೆ ದಾರಿ ತೆರೆಯಿತು. ಕೂಲಿಯವನಿಗೆ?

ಒಂದು ವಾದವನ್ನು ಮಾತ್ರ ನಾವು ಗೌರವದಿಂದ ಕೇಳುತ್ತೇವೆ. ಅದು ನಮ್ಮ ಅಕ್ಕತಂಗಿಯರದು. “ಅಂಗಡಿಯ ಮದ್ಯ ಅಂಗಡಿಯಲ್ಲಾದರೂ ಇರುತ್ತದೆ. ಮನೆಯಲ್ಲೇ ಮಾಡಿದರೆ 20 ಲೀಟರು ಮಕ್ಕಳ ಕಣ್ಣೆದುರು ಇರುತ್ತದೆ” ಎಂದು ಅವರು ಹೇಳುತ್ತಾರೆ. ಇದು ನಿಜ. ಕುಡಿತದ ಚಟ ಇರುವವನ ಮನೆಯಲ್ಲಿ ಬಕೆಟ್ಟೂ ಬೇಡ, ಭರಣಿಯೂ ಬೇಡ. ಆದರೆ ಚಟ ಬಿಡಿಸುವ ದಾರಿ ಬಹಿಷ್ಕಾರವೇ?

ನಮ್ಮ ಕರಾವಳಿಯ ಚರಿತ್ರೆಯಲ್ಲೇ ಒಂದು ಪಾಠವಿದೆ. ನಮ್ಮ ಕೂಟದಲ್ಲಿ ಎರಡೂ ಸಭೆಯವರು ಇರುವುದರಿಂದ ಇದನ್ನು ಹೇಳಲು ಸಂಕೋಚವಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶೇಂದಿ ಮತ್ತು ಸಾರಾಯಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸಭೆಗೆ ಸೇರಿದ ಮೂರ್ತೆದಾರರಿಗೆ ಮರ ಹತ್ತುವ ಕಸುಬು ಬಿಡಿ ಎಂದರು. ಆದರೆ ಬಿಡಿ ಎಂದು ಹೇಳಿ ಬಾಗಿಲು ಹಾಕಿಕೊಳ್ಳಲಿಲ್ಲ. ನೇಯ್ಗೆಯ ಮಗ್ಗ ಕೊಟ್ಟರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು ಕೆಲಸ ಕೊಟ್ಟರು. ಅವರ ಕಟ್ಟುನಿಟ್ಟನ್ನು ನಾವು ಪೂರ್ತಿ ಒಪ್ಪದಿರಬಹುದು. ಒಂದು ಕೈಯಿಂದ ಕಿತ್ತುಕೊಂಡವರು ಇನ್ನೊಂದು ಕೈಯಿಂದ ಅನ್ನ ಕೊಟ್ಟರು ಎಂಬುದನ್ನು ಒಪ್ಪಲೇಬೇಕು. ನಮ್ಮ ಠರಾವಿಗೆ ಇರುವುದು ಒಂದೇ ಕೈ.

ಆದ್ದರಿಂದ ಬರುವ ಸಭೆಯಲ್ಲಿ ನಾವು ಈ ನಾಲ್ಕು ಮಾತುಗಳನ್ನು ಮುಂದಿಡುತ್ತೇವೆ.

ಒಂದು, ಠರಾವನ್ನು ಬಿಡಿ. ತಡೆಹಿಡಿದ ಅರ್ಜಿಗೆ ಅದೇ ದಿನ ಹಣ ಮಂಜೂರು ಮಾಡಿ. ಕಷ್ಟನಿಧಿ ಕಷ್ಟಕ್ಕೆ ಇರುವುದು, ನಡತೆಯ ಸರ್ಟಿಫಿಕೇಟಿಗೆ ಅಲ್ಲ.

ಎರಡು, ನಿಯಮ ಬೇಕೇ ಬೇಕೆನ್ನುವುದಾದರೆ ಭರಣಿಗೂ ಬಕೆಟ್ಟಿಗೂ ಒಂದೇ ನಿಯಮ ಇರಲಿ. ಈ ವರ್ಷ ಕ್ರಿಸ್ಮಸ್ಸಿಗೆ ಎಲ್ಲರೂ ಭರಣಿ ತೊಳೆದು ಕವುಚಿಡಿ. ಆಗ ಬಡವನಿಗೆ ಬುದ್ಧಿ ಹೇಳುವ ಬಾಯಿ ನಮಗೆ ಬರುತ್ತದೆ.

ಮೂರು, ಚಟಕ್ಕೆ ಸಿಕ್ಕಿದವನನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗಲು ಇಬ್ಬರು ಸ್ವಯಂಸೇವಕರನ್ನು ನೇಮಿಸಿ. ಸರಕಾರದ ವಿಮುಕ್ತಿ ಯೋಜನೆಯಲ್ಲಿ ಅದಕ್ಕೆ ಆಸ್ಪತ್ರೆಯ ವ್ಯವಸ್ಥೆ ಇದೆ. ಬಸ್ ಖರ್ಚನ್ನು ಕೂಟ ಕೊಡಲಿ. ಬಟವಾಡೆಯ ದಿನ ಹೆಂಡತಿಯ ಕೈಗೂ ಒಂದು ಪಾಲು ನೇರವಾಗಿ ಸೇರುವಂತೆ ಮಾಲಕರೊಡನೆ ಮಾತನಾಡುವ ಕೆಲಸ ಯೂನಿಯನ್ನಿನದು. ಅದನ್ನು ನಾವು ಹೊರುತ್ತೇವೆ.

ನಾಲ್ಕು, ಮಾರಾಟಕ್ಕಲ್ಲದೆ ಮನೆಬಳಕೆಗೆ ಹುದುಗಿಸಿದ ಸ್ವಲ್ಪ ವೈನಿಗೂ ಬಿಯರಿಗೂ ಹತ್ತು ವರ್ಷದ ಸಜೆ ಬೇಡವೆಂದು ಸರಕಾರಕ್ಕೆ ಒಂದು ಮನವಿ ಕಳಿಸೋಣ. ಮೆಥನಾಲ್ ಮಾರುವವನ ಮೇಲೆ ಕಾನೂನಿನ ಕೈ ಬಲವಾಗಿರಲಿ, ಕೂಲಿಯವನ ಅಡಿಗೆಕೋಣೆಯ ಮೇಲೆ ಬೇಡ.

ಫರಿಸಾಯರು ಪಾತ್ರೆಯ ಹೊರಮೈ ತೊಳೆಯುವುದನ್ನು ಕಂಡು ನಮ್ಮ ಸ್ವಾಮಿ ಏನು ಹೇಳಿದರೆಂಬುದು ನಿಮಗೆಲ್ಲ ಗೊತ್ತು. ಭರಣಿಯ ಮುಚ್ಚಳ ತೆಗೆದು ಒಳಗೆ ನೋಡಿ, ಆಮೇಲೆ ಕೈ ಎತ್ತಿ. ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಒಬ್ಬ ಸಹೋದರಿ ಬಾಗಿಲಲ್ಲಿ ಕಾಯುತ್ತಿದ್ದಾಳೆ. ಮತ ಹಾಕುವಾಗ ಅವಳ ಮುಖ ನೆನಪಿರಲಿ.