ಗೊಮ್ಮಟನಿಗೆ ಕೈಮುಗಿದು ಹಾವಿನ ಮೇಲೆ ಗಾಡಿ

ಭಾನುವಾರ ಬಂತೆಂದರೆ ಕಾರ್ಕಳ, ಮೂಡುಬಿದಿರೆ, ವೇಣೂರು ಕಡೆ ಹೊರ ಊರಿನ ಕಾರು, ಟೆಂಪೋಗಳ ಸಾಲು. ಬೆಳಿಗ್ಗೆ ಧರ್ಮಸ್ಥಳ, ಹತ್ತೂವರೆಗೆ ವೇಣೂರು, ಹನ್ನೆರಡಕ್ಕೆ ಸಾವಿರ ಕಂಬ, ಒಂದೂವರೆಗೆ ಕಾರ್ಕಳದ ಗೊಮ್ಮಟ, ಸಂಜೆಯೊಳಗೆ ಕುದುರೆಮುಖ ದಾಟಿ ಕಳಸ. ಇದು ಯಾತ್ರೆಯೋ, ಓಟದ ಪಂದ್ಯವೋ ಮಾರಾಯ್ರೆ? ಬಂದವರು ಏನು ನೋಡಿದರು, ಊರಿಗೆ ಏನು ಬಿಟ್ಟು ಹೋದರು ಎಂದು ಕೇಳಿದರೆ ಉತ್ತರ ಒಂದೇ: ಮೊಬೈಲಿನಲ್ಲಿ ನಾಲ್ಕು ಪಟ, ರಸ್ತೆ ಬದಿಯಲ್ಲಿ ನಲವತ್ತು ಖಾಲಿ ಬಾಟ್ಲಿ.

ತಪ್ಪು ಬಂದವರದ್ದು ಮಾತ್ರವಲ್ಲ. ಬಂದವರನ್ನು ಅರ್ಧ ದಿನ ನಿಲ್ಲಿಸಿಕೊಳ್ಳುವ ಯೋಗ್ಯತೆ ಇರುವ ಊರುಗಳು ಅವರನ್ನು ಅರ್ಧ ಗಂಟೆಯಲ್ಲಿ ಸಾಗಹಾಕುತ್ತಿವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೆ ಹೇಳಿ ಮಾಡಿಸಿದ್ದು.

ಈ ಹಿತ್ತಲಲ್ಲಿ ಏನುಂಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕಾರ್ಕಳದ ಬಂಡೆಗುಡ್ಡದ ಮೇಲೆ ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ ಗೊಮ್ಮಟ, ಸುಮಾರು 42 ಅಡಿ. ಎದುರು ಗುಡ್ಡದಲ್ಲಿ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಹೊಕ್ಕರೂ ಎದುರಿಗೆ ತೀರ್ಥಂಕರರು. ಸುಮಾರು 18 ಕಿ.ಮೀ. ದೂರದ ಮೂಡುಬಿದಿರೆಯಲ್ಲಿ 18 ಬಸದಿಗಳು. ಅವುಗಳಲ್ಲಿ ದೊಡ್ಡದು 1430ರ ತ್ರಿಭುವನ ತಿಲಕ ಚೂಡಾಮಣಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ಒಂದು ಕಂಬದ ಕೆತ್ತನೆ ಇನ್ನೊಂದರಂತಿಲ್ಲ ಎಂಬುದು ಊರಿನವರ ಹೆಮ್ಮೆ. ಷಟ್ಖಂಡಾಗಮದ ಧವಳ, ಕಷಾಯಪಾಹುಡದ ಜಯಧವಳ ಟೀಕೆಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾದಿಟ್ಟ ಊರೂ ಇದೇ. ವೇಣೂರಿನಲ್ಲಿ ಫಲ್ಗುಣಿ ದಡದಲ್ಲಿ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ ಗೊಮ್ಮಟ. ಹೆಬ್ರಿ ದಾರಿಯಲ್ಲಿ ವರಂಗದ ಕೆರೆ ಬಸದಿ. ದೋಣಿ ಹತ್ತಿಯೇ ಹೋಗಬೇಕು, ಬೇರೆ ದಾರಿಯೇ ಇಲ್ಲ.

ಇಷ್ಟೆಲ್ಲ ಇರುವುದು ಘಟ್ಟದ ಬುಡದಲ್ಲಿ. ತಲೆ ಎತ್ತಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿ.ಮೀ. ಕಾಡು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಇದೇ ಬೆಟ್ಟಗಳ ಸೀಮೆಯಲ್ಲಿ. ಹುಲಿ, ಚಿರತೆ, ಕಾಟಿ, ಕಡವೆಗಳ ಜೊತೆ ಪಶ್ಚಿಮ ಘಟ್ಟ ಬಿಟ್ಟರೆ ಲೋಕದ ಬೇರೆಲ್ಲೂ ಕಾಡಿನಲ್ಲಿ ಕಾಣಸಿಗದ ಸಿಂಗಳೀಕ ಇಲ್ಲುಂಟು. ಪಕ್ಕದಲ್ಲೇ ಸೋಮೇಶ್ವರ ಅಭಯಾರಣ್ಯ, ಅದರ ಮೇಲೆ ಆಗುಂಬೆ. ಒಂದೇ ದಿನದಲ್ಲಿ ಬಸದಿಯನ್ನೂ ಕಾಡನ್ನೂ ಕಾಣಿಸಬಲ್ಲ ಸೀಮೆ ನಾಡಿನಲ್ಲಿ ಎಷ್ಟುಂಟು?

ಇನ್ನು ಬಂದವರ ಕತೆ. ಗುಡ್ಡದ ಬುಡದಲ್ಲಿ ಚಪ್ಪಲಿ ಬಿಟ್ಟು ನಡುಮಧ್ಯಾಹ್ನ ಬಂಡೆಯ ಮೇಲೆ ಕಾಲಿಟ್ಟರೆ ಅಂಗಾಲು ಚುರ್ ಅನ್ನುತ್ತದೆ. ಬೆಳಿಗ್ಗೆ ಬನ್ನಿ, ಇಲ್ಲವೇ ಇಳಿಹೊತ್ತಿಗೆ ಬನ್ನಿ ಎಂದು ಹೇಳುವವರು ಯಾರೂ ಇಲ್ಲ. ಕುಣಿಯುತ್ತ ಮೇಲೆ ಹೋಗಿ, ಗೊಮ್ಮಟನ ಕಾಲ ಬುಡದಲ್ಲಿ ಪಟ ತೆಗೆಸಿ, ಕುಣಿಯುತ್ತಲೇ ಇಳಿಯುತ್ತಾರೆ. ಎದುರು ಗುಡ್ಡದಲ್ಲಿ ಕಾಣುವ ಕಟ್ಟಡ ಏನು ಎಂದು ಕೇಳುವವರು ಹತ್ತರಲ್ಲಿ ಇಬ್ಬರಿದ್ದರೆ ದೊಡ್ಡದು. ಬಸದಿಯೊಳಗೆ ಗಟ್ಟಿಯಾಗಿ ಮಾತಾಡಬಾರದು, ಗರ್ಭಗುಡಿಯತ್ತ ಮೊಬೈಲ್ ಹಿಡಿಯುವ ಮೊದಲು ಕೇಳಬೇಕು ಎಂಬುದೂ ಎಷ್ಟೋ ಮಂದಿಗೆ ತಿಳಿದಿಲ್ಲ. ಪೂಜೆ ನಡೆಯುವ ಜಾಗ ಅದು, ಮ್ಯೂಸಿಯಂ ಅಲ್ಲ.

ಇವೆಲ್ಲ ಸಣ್ಣ ತಪ್ಪು, ತಿದ್ದಬಹುದು. ದೊಡ್ಡದು ಆಮೇಲೆ ಘಟ್ಟದ ರಸ್ತೆಯಲ್ಲಿ ನಡೆಯುತ್ತದೆ.

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಎಸ್.ಕೆ. ಬಾರ್ಡರ್ ಮುಟ್ಟಿದರೆ ಅಲ್ಲಿಂದ ಒಂದು ದಾರಿ ಶೃಂಗೇರಿಗೆ, ಇನ್ನೊಂದು ಕುದುರೆಮುಖಕ್ಕೆ. ಎರಡೂ ರಾಷ್ಟ್ರೀಯ ಉದ್ಯಾನದ ಹೊಟ್ಟೆಯೊಳಗೇ ಹಾದು ಹೋಗುತ್ತವೆ. ಗೇಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುವುದು, ಇಂತಿಷ್ಟು ಹೊತ್ತಿನೊಳಗೆ ದಾಟಬೇಕು ಎನ್ನುವುದು ಸುಮ್ಮನೆ ಅಲ್ಲ. ಕಾಡಿನೊಳಗೆ ಗಾಡಿ ನಿಲ್ಲಿಸಿ ಒಲೆ ಹಚ್ಚಬೇಡಿ, ಕುಡಿಯಬೇಡಿ, ಕಿರುಚಬೇಡಿ ಎಂದು ಅರ್ಥ. ಆದರೆ ನಮ್ಮ ಜನ ಅರ್ಥ ಮಾಡಿಕೊಂಡದ್ದು ಬೇರೆ. ಫಾಲ್ಸ್ ಎದುರು ಅರ್ಧ ಗಂಟೆ ಕುಣಿದು, ಉಳಿದ ಹೊತ್ತಿನಲ್ಲಿ ಗೇಟು ಮುಟ್ಟಲು ಗಾಡಿ ಓಡಿಸುತ್ತಾರೆ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಹಾವು, ಕಪ್ಪೆ, ಏಡಿ ಎಷ್ಟು ಚಪ್ಪಟೆಯಾಗುತ್ತವೆ ಎಂದು ಆ ದಾರಿಯ ಬಸ್ ಡ್ರೈವರನ್ನು ಕೇಳಿದರೆ ಸಾಕು.

ಇಲ್ಲೇ ಯೋಚಿಸಬೇಕಾದ ಮಾತುಂಟು. ಬೆಳಿಗ್ಗೆ ಕೈಮುಗಿದು ಬಂದ ಆ ಬಾಹುಬಲಿ ಯಾರು? ಗೆದ್ದ ರಾಜ್ಯ ಬಿಟ್ಟು, ಅಲುಗಾಡದೆ ನಿಂತು ತಪಸ್ಸು ಮಾಡಿದವನು. ಕೈಕಾಲಿಗೆ ಬಳ್ಳಿ ಹಬ್ಬಿತು, ಕಾಲ ಬುಡದಲ್ಲಿ ಹುತ್ತ ಬೆಳೆಯಿತು, ಹುತ್ತದಿಂದ ಹಾವು ತಲೆ ಹಾಕಿತು. ಆತ ಕಾಲು ಕದಲಿಸಲಿಲ್ಲ. ಆ ಬಳ್ಳಿಯನ್ನು ಕಲ್ಲಿನಲ್ಲಿ ಕೆತ್ತಿಟ್ಟದ್ದು ಚಂದಕ್ಕೆ ಮಾತ್ರವಲ್ಲ. ಕಾಡು ಮೈಮೇಲೆ ಬೆಳೆದರೂ ಅದಕ್ಕೆ ನೋವು ಮಾಡದವನ ಗುರುತು ಅದು. ಜೈನ ಮುನಿಗಳು ಊರಿಂದೂರಿಗೆ ನಡೆದೇ ಹೋಗುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಅದೂ ಇಲ್ಲ. ಚಾತುರ್ಮಾಸ್ಯ ಎಂದು ಒಂದೇ ಕಡೆ ನಿಲ್ಲುತ್ತಾರೆ. ನೆಲದ ಮೇಲೆ ಹುಳಹುಪ್ಪಟೆ ಹೆಚ್ಚು, ತುಳಿದು ಸಾಯಿಸಬಾರದು ಎಂದು. ಅದೇ ನಾಲ್ಕು ತಿಂಗಳಲ್ಲೇ ಘಟ್ಟಕ್ಕೆ ಗಾಡಿಗಳ ಜಾತ್ರೆ! ಗೊಮ್ಮಟನಿಗೆ ಕೈಮುಗಿದ ಕೈಯಲ್ಲೇ ಸ್ಟೇರಿಂಗ್ ಹಿಡಿದು ಹಾವಿನ ಮೇಲೆ ಹಾಯಿಸಿದರೆ ಆ ದರ್ಶನಕ್ಕೆ ಫಲವೇನು ಸ್ವಾಮಿ?

ಮಂಗನಿಗೆ ಕುರುಕಲು ಪೊಟ್ಟಣ ಎಸೆಯುವ ಪುಣ್ಯವೂ ಇದೇ ಜಾತಿಯದ್ದು. ಘಟ್ಟದ ತಿರುವಿನಲ್ಲಿ ಗಾಡಿ ನಿಂತರೆ ಮಂಗ ರಸ್ತೆಗೆ ಇಳಿಯುತ್ತದೆ, ಹಿಂದಿನಿಂದ ಬಂದ ಲಾರಿಗೆ ಸಿಗುತ್ತದೆ. ಸಿಂಗಳೀಕ ಮರದ ತುದಿಯಲ್ಲಿ ಹಣ್ಣು, ಹುಳ ತಿಂದು ಬದುಕುವ ಪ್ರಾಣಿ. ಅದಕ್ಕೂ ರಸ್ತೆಯ ರುಚಿ ಹತ್ತಿದರೆ ಮುಗಿಯಿತು. ತಿನ್ನಿಸುವ ಪ್ರೀತಿ ಇದ್ದವರು ಊರಿನ ದನಕ್ಕೆ ಹಿಡಿ ಹುಲ್ಲು ಹಾಕಲಿ.

ಹಾಗಾದರೆ ಯಾರೂ ಬರುವುದೇ ಬೇಡವೇ? ಅದಲ್ಲ ಮಾತು. ಬಂದವರ ದುಡ್ಡು ಈ ಸೀಮೆಗೆ ಬೇಕು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಕಾಡಿಗೆ, ಭದ್ರೆಗೆ ಒಳ್ಳೆಯದಾಯಿತು, ಸರಿ. ಆದರೆ ಗಣಿ ನಂಬಿದ್ದ ಊರು ಬರಿದಾಯಿತು, ಅಂಗಡಿಗಳ ಬಾಗಿಲು ಬಿತ್ತು. ಕಾಡು ಉಳಿದರೆ ಪ್ರವಾಸಿಗರು ಬರುತ್ತಾರೆ, ಹೊಟ್ಟೆ ತುಂಬುತ್ತದೆ ಎಂದು ಆಗ ಸಮಾಧಾನ ಹೇಳಿದವರು ಬಹಳ ಮಂದಿ. ಪ್ರವಾಸಿಗರು ಬಂದರು ನಿಜ. ಆದರೆ ಪೇಟೆಯಲ್ಲಿ ಇಳಿಯದೆ ಹಾದು ಹೋಗುವ ಕಾರಿನಿಂದ ಗೂಡಂಗಡಿಯವನಿಗೆ ಸಿಗುವುದು ಧೂಳು ಮಾತ್ರ. ಬನ್ಸು, ಗೋಳಿಬಜೆ ತಿಂದು, ಬೊಂಡ ಕುಡಿದು, ರಾತ್ರಿ ಉಳಿಯುವ ಒಬ್ಬ ಯಾತ್ರಿಕ ಓಡಿ ಹೋಗುವ ಹತ್ತು ಕಾರಿಗೆ ಸಮ. ನಿಧಾನದ ಯಾತ್ರೆ ಹಾವಿಗೂ ಒಳ್ಳೆಯದು, ಹೋಟ್ಲಿಗೂ ಒಳ್ಳೆಯದು.

ನಿಧಾನವಾಗಿ ಬರುವವರು ಯಾರು? ಬಸ್ಸಿನಲ್ಲಿ ಬರುವವರು. ಅವರ ಪಾಡು ಕೇಳುವವರಿಲ್ಲ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಗೆ ಕಾಸಿಲ್ಲದೆ ಧರ್ಮಸ್ಥಳದವರೆಗೆ ಬರುತ್ತಾರೆ. ಅಲ್ಲಿಂದ ವೇಣೂರು, ಮೂಡುಬಿದಿರೆ, ಕಾರ್ಕಳ ನೋಡಬೇಕೆಂದರೆ ಈ ಕಡೆ ಓಡುವವು ಹೆಚ್ಚಿನವೂ ಖಾಸಗಿ ಬಸ್ಸುಗಳು. ಕಾಸು ಕೊಡಲು ಅವರು ತಯಾರಿದ್ದರೂ ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಇಳಿಯಬೇಕು ಎಂದು ಹೇಳುವ ಬೋರ್ಡು ಬೇಕಲ್ಲ? ಕಾರ್ಕಳ, ಮೂಡುಬಿದಿರೆ ನಡುವೆ ಒಂದರ ಹಿಂದೆ ಒಂದು ಬಸ್ಸುಂಟು. ಒಳದಾರಿಗೆ ತಿರುಗಿದರೆ ಕಾದು ಕುಳಿತದ್ದೇ ಬಂತು. "ಅಕ್ಕ, ಈಗ ಬರ್ತದೆ" ಎಂಬ ಕಂಡಕ್ಟರ್ ಮಾತೇ ವೇಳಾಪಟ್ಟಿ. ಹೆಂಗಸರಿಗೆ ಶೌಚಾಲಯ ಹುಡುಕುವುದು ಗೊಮ್ಮಟನ ಗುಡ್ಡ ಹತ್ತುವುದಕ್ಕಿಂತ ಕಷ್ಟ ಎಂಬ ಮಾತು ಬರಬಾರದು.

ಇದಕ್ಕೆಲ್ಲ ಜವಾಬ್ದಾರಿ ಯಾರು ಎಂದು ಕೇಳಿದರೆ ಬೆರಳು ಪಕ್ಕದ ಊರಿಗೆ ತಿರುಗುತ್ತದೆ. 1997ರ ತನಕ ಕಾರ್ಕಳ, ಮೂಡುಬಿದಿರೆ, ವೇಣೂರು ಮೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಈಗ ಕಾರ್ಕಳ ಉಡುಪಿಗೆ, ಉಳಿದೆರಡು ದಕ್ಷಿಣ ಕನ್ನಡಕ್ಕೆ, ಕುದುರೆಮುಖ ಪೇಟೆ ಚಿಕ್ಕಮಗಳೂರಿಗೆ. ಎಸ್.ಕೆ. ಬಾರ್ಡರ್ ಎಂದರೆ ಸೌತ್ ಕೆನರಾ ಗಡಿ. ಆ ಹೆಸರಿನ ಜಿಲ್ಲೆಯೇ ಈಗಿಲ್ಲ, ಗಡಿ ಮಾತ್ರ ಉಳಿದಿದೆ! ಅದರ ಮೇಲೆ ಒಂದು ಕಡೆ ಪುರಾತತ್ವ ಇಲಾಖೆ, ಒಂದು ಕಡೆ ಮಠ, ಒಂದು ಕಡೆ ಅರಣ್ಯ ಇಲಾಖೆ, ರಸ್ತೆಗೆ ಹೆದ್ದಾರಿಯವರು, ಕಸಕ್ಕೆ ಪುರಸಭೆ. ಯಾತ್ರಿಕನಿಗೆ ಈ ಗಡಿ ಯಾವುದೂ ಗೊತ್ತಿಲ್ಲ. ಅವನಿಗೆ ಅದು ಒಂದೇ ದಾರಿ. ಕಸಕ್ಕೂ ಗಡಿ ಗೊತ್ತಿಲ್ಲ. ಘಟ್ಟದ ಮೇಲೆ ಎಸೆದ ಬಾಟ್ಲಿ ಮಳೆ ಬಂದರೆ ಕೆಳಗಿನ ಹೊಳೆಗೇ ಬರುತ್ತದೆ.

ಮೂರು ಜಿಲ್ಲೆಯವರು ಒಂದು ಮೇಜಿನ ಸುತ್ತ ಕುಳಿತರೆ ಆಗಬೇಕಾದ ಕೆಲಸ ಹೆಚ್ಚೇನಿಲ್ಲ. ಮೊದಲನೆಯದು, ಧರ್ಮಸ್ಥಳದಿಂದ ವೇಣೂರು, ಮೂಡುಬಿದಿರೆ ಮೇಲೆ ಕಾರ್ಕಳಕ್ಕೆ ದಿನಕ್ಕೆ ನಾಲ್ಕು ಹೊತ್ತಾದರೂ ಹೇಳಿದ ಹೊತ್ತಿಗೆ ಹೊರಡುವ ಸರ್ಕಾರಿ ಬಸ್ಸು. ಎರಡನೆಯದು, ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಕನ್ನಡದಲ್ಲಿ ಬರೆದ ಬೋರ್ಡು: ಯಾವ ಬಸದಿ, ಯಾರು ಯಾವಾಗ ಕಟ್ಟಿಸಿದ್ದು, ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ, ಅಲ್ಲಿ ನಡೆದುಕೊಳ್ಳುವ ರೀತಿ ಏನು. ಮೂರನೆಯದು, ನೀರು, ನೆರಳು, ಶೌಚಾಲಯ. ನಾಲ್ಕನೆಯದು, ಕಾಡಿನ ಗೇಟಿನಲ್ಲಿ ಒಳಗೆ ಹೋಗುವ ಬಾಟ್ಲಿ ಎಣಿಸಿ ಠೇವಣಿ ಇಟ್ಟುಕೊಂಡು, ಹೊರಗೆ ಬರುವಾಗ ಬಾಟ್ಲಿ ತೋರಿಸಿದರೆ ವಾಪಸು ಕೊಡುವ ಪದ್ಧತಿ. ರಾತ್ರಿ ಸಂಚಾರದ ವಿಷಯದಲ್ಲೂ ಎದೆಗಾರಿಕೆ ಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ನಿರ್ಬಂಧ ಉಂಟು, ಅದರಿಂದ ಮೈಸೂರು ಮುಳುಗಿ ಹೋಗಲಿಲ್ಲ. ಆಂಬುಲೆನ್ಸು, ಘಟ್ಟದ ಊರಿನವರ ತುರ್ತು ಗಾಡಿ ಬಿಟ್ಟು, ತಿರುಗಾಟದ ಗಾಡಿಗಳಿಗೆ ಕತ್ತಲಲ್ಲಿ ಕಾಡಿನ ದಾರಿ ಯಾಕೆ?

ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟುವುದೂ ಸರಿಯಲ್ಲ. ಗುಡ್ಡದ ಬುಡದ ಅಂಗಡಿಯವರು, ಬಸ್‌ಸ್ಟ್ಯಾಂಡಿನ ಹೋಟ್ಲಿನವರು, ರಿಕ್ಷಾದವರು ಮನಸ್ಸು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಪ್ಲಾಸ್ಟಿಕ್ ಚೀಲ ಕೊಡುವುದಿಲ್ಲ ಎಂದರೆ ಗಿರಾಕಿ ಓಡಿ ಹೋಗುವುದಿಲ್ಲ. ಹೊಸಬರನ್ನು ಕಂಡು ಬೊಂಡದ ರೇಟು ಏರಿಸುವ, ಒಂದು ಕಿಲೋಮೀಟರಿಗೆ ಮೂರು ಕಿಲೋಮೀಟರಿನ ಬಾಡಿಗೆ ಕೇಳುವ ಚಾಳಿ ಇದ್ದವರು ಬಿಡಬೇಕು. ಒಮ್ಮೆ ಮೋಸ ಹೋದವರು ಎರಡನೇ ಸಲ ಬರುವುದಿಲ್ಲ, ಬರುವ ಹತ್ತು ಮಂದಿಯನ್ನೂ ತಡೆಯುತ್ತಾರೆ. "ಎದುರು ಗುಡ್ಡದ ಬಸದಿಯನ್ನೂ ನೋಡಿ ಹೋಗಿ" ಎಂದು ಹೇಳಲು ದುಡ್ಡು ಬೀಳುವುದಿಲ್ಲ.

ವೇಣೂರಿನ ಮಹಾಮಸ್ತಕಾಭಿಷೇಕ 2024ರಲ್ಲಿ ನಡೆಯಿತು. ಕಾರ್ಕಳದ್ದು 2015ರಲ್ಲಿ ನಡೆದದ್ದು. 12 ವರ್ಷದ ಲೆಕ್ಕ ಹಿಡಿದರೆ 2027ಕ್ಕೆ ಸರದಿ. ಅಂಥ ಹೊತ್ತಿಗೆ ಮಂತ್ರಿಗಳು ಬರುತ್ತಾರೆ, ತಾತ್ಕಾಲಿಕ ನಳ್ಳಿ, ತಗಡಿನ ಶೌಚಾಲಯ ಎಲ್ಲ ಬರುತ್ತದೆ, ಚಪ್ಪರ ಬಿಚ್ಚುವಾಗ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಈ ಸಲವಾದರೂ ಚಪ್ಪರದ ಜೊತೆ ಹೋಗದ ನಾಲ್ಕು ಕೆಲಸ ಆಗಲಿ. ಗೊಮ್ಮಟನಿಗೆ ಅವಸರ ಇಲ್ಲ, ಆರುನೂರು ವರ್ಷದಿಂದ ನಿಂತಿದ್ದಾನೆ. ಕಾದು ಕುಳಿತದ್ದು ಬಸ್‌ಸ್ಟ್ಯಾಂಡಿನಲ್ಲಿರುವ ಜನ. ಸಂಬಂಧಪಟ್ಟವರು ಅವರನ್ನು ನೋಡಲಿ.