ಕೂಡಿಡುವ ಗೀಳು ಮತ್ತು ಮನೆಯ ಹಿರಿಯರು

ನವರಾತ್ರಿಗೆ ಮುನ್ನ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು, ಹಾಸಿಗೆ ಹೊದಿಕೆಗಳನ್ನು ಒಗೆದು, ಗೋಡೆಗಳಿಗೆ ಸುಣ್ಣ ಬಳಿಯುವ ಪದ್ಧತಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳಲ್ಲಿ ನಡೆದುಬಂದಿದೆ. ಮರಾಠಿಯಲ್ಲಿ ಇದಕ್ಕೆ ‘ದಸರಾ ಕಾಢಣೆ’ ಎನ್ನುತ್ತಾರೆ. ಪುಣೆ, ಮುಂಬಯಿಗಳಲ್ಲಿ ದುಡಿಯುವ ಮಕ್ಕಳು ಊರಿಗೆ ಬಂದು ಈ ಕೆಲಸಕ್ಕೆ ಕೈಹಚ್ಚಿದಾಗ ಕೆಲವು ಮನೆಗಳಲ್ಲಿ ಕಲಹ ಹುಟ್ಟುತ್ತದೆ. ಕೋಣೆಯ ತುಂಬ ತುಕ್ಕು ಹಿಡಿದ ಡಬ್ಬಿಗಳು, ಹರಿದ ಚಾದರಗಳು, ಪ್ಲಾಸ್ಟಿಕ್ ಚೀಲಗಳು, ಔಷಧದ ಖಾಲಿ ಶೀಸೆಗಳು, ವರ್ಷಗಟ್ಟಲೆ ಕಟ್ಟಿಟ್ಟ ದಿನಪತ್ರಿಕೆಗಳು. ಮಕ್ಕಳ ಕಣ್ಣಿಗೆ ಅದು ಕಸ. ಹಿರಿಯರಿಗೆ ಅದು ಆಸ್ತಿ. ರದ್ದಿಯವನು ಬಾಗಿಲಿಗೆ ಬಂದನೆಂದರೆ ಮನೆ ರಣರಂಗವಾಗುತ್ತದೆ.

ಕೂಡಿಡುವ ಬುದ್ಧಿ ತಾನಾಗಿ ದೋಷವಲ್ಲ. ಹನಿಹನಿಗೂಡಿದರೆ ಹಳ್ಳವೆಂದು ನಂಬಿದ ಜನ ಇವರು. ಈ ಸೀಮೆಯಲ್ಲಿ ಎಪ್ಪತ್ತು ದಾಟಿದವರು 1972ರ ಬರವನ್ನು ಕಣ್ಣಾರೆ ಕಂಡವರು. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದವರು, ಹೊರದೇಶದಿಂದ ಬಂದ ಮಿಲೋ ಜೋಳದ ರೊಟ್ಟಿ ತಿಂದವರು ಅವರಲ್ಲಿದ್ದಾರೆ. ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಸಂಬಳ ಕಳೆದುಕೊಂಡ ಮನೆಗಳೂ ಹಲವು. ಅಂಥವರು ಹಳೆಯ ಸೀರೆಯನ್ನು ಕೌದಿಗೆಂದು ಎತ್ತಿಟ್ಟರೆ ಅದು ಬದುಕು ಕಲಿಸಿದ ಮಿತವ್ಯಯ. ಆದರೆ ಬರ ಕಂಡವರೆಲ್ಲರಿಗೂ ಗೀಳು ಅಂಟಲಿಲ್ಲ. ಗೀಳು ಅಂಟಿದವರೆಲ್ಲರೂ ಬಡತನ ಕಂಡವರಲ್ಲ.

ಮಿತವ್ಯಯ ಎಲ್ಲಿ ಮುಗಿದು ಗೀಳು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗುರುತಿಸುವುದು ಅವಶ್ಯ. ಎತ್ತಿಟ್ಟ ಸೀರೆ ಕೌದಿಯಾದರೆ ಚಿಂತೆಯಿಲ್ಲ. ಮಂಚದ ಮೇಲೆ ಮಲಗಲು, ಒಲೆಯ ಮುಂದೆ ನಿಲ್ಲಲು, ಬಚ್ಚಲಿಗೆ ಹೋಗಲು ಜಾಗವಿಲ್ಲದಂತಾದರೆ, ಬೆಲೆಯಿಲ್ಲದ ವಸ್ತುವನ್ನು ಬಿಡುವ ಮಾತಿಗೇ ಅವರು ತಲ್ಲಣಿಸಿದರೆ, ನಾಚಿಕೆಯಿಂದ ನೆಂಟರನ್ನು ಮನೆಗೆ ಕರೆಯುವುದನ್ನು ನಿಲ್ಲಿಸಿದರೆ ಎಚ್ಚರ ವಹಿಸಬೇಕು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಇದನ್ನು ಪ್ರತ್ಯೇಕ ಮನೋರೋಗವೆಂದು ಪಟ್ಟಿಮಾಡಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿಯೂ ಇದಕ್ಕೆ ಸ್ಥಾನವಿದೆ. ಸಾಮಾನ್ಯವಾಗಿ ಇದು ಎಳವೆಯಲ್ಲಿ ಮೊಳೆತು ವಯಸ್ಸಿನೊಡನೆ ಬಲಿಯುತ್ತದೆ. ಸಂಗಾತಿಯ ಸಾವು, ಒಂಟಿತನಗಳಿಂದ ಉಲ್ಬಣಿಸುವುದುಂಟು. ಮುಪ್ಪಿನಲ್ಲಿ ಹೊಸದಾಗಿ, ಒಮ್ಮೆಲೇ ಕಾಣಿಸಿಕೊಂಡರೆ ಮರೆಗುಳಿ ರೋಗದ ಸೂಚನೆಯೂ ಆಗಿರಬಹುದು. ವೈದ್ಯರಿಗೆ ತೋರಿಸುವುದೇ ಸರಿ.

ಆಯ್ದಕ್ಕಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದ ಕಥೆ ಕನ್ನಡಿಗರಿಗೆಲ್ಲ ಪರಿಚಿತ. ಆ ಕಥೆಯನ್ನು ಮುಂದಿಟ್ಟು ಮುದುಕರನ್ನು ಆಸೆಬುರುಕರೆಂದು ಜರೆಯುವವರಿದ್ದಾರೆ. ಲಕ್ಕಮ್ಮ ತಿದ್ದಿದ್ದು ಆಸೆಯನ್ನು. ಖಾಲಿ ಶೀಸೆಯನ್ನು ಎದೆಗವಚಿಕೊಂಡವರಲ್ಲಿ ಇರುವುದು ಕಳೆದುಕೊಳ್ಳುವ ಭೀತಿ. ಬುದ್ಧಿವಾದದಿಂದ ಅದು ಹೋಗದು.

ಹಿರಿಯರು ಆಸ್ಪತ್ರೆಗೋ ಯಾತ್ರೆಗೋ ಹೋದಾಗ ಕೋಣೆಯನ್ನು ತೆರವುಗೊಳಿಸುವುದು ಮಕ್ಕಳಿಗೆ ಸುಲಭವೆನಿಸುವ ದಾರಿ. ಆದರೆ ಕೋಣೆ ಮತ್ತೆ ತುಂಬುತ್ತದೆ, ಮಕ್ಕಳ ಮೇಲಿನ ನಂಬಿಕೆ ಮಾತ್ರ ಬರಿದಾಗುತ್ತದೆ. ಎಡವಿ ಬೀಳುವ ಭಯವಿರುವ ನಡೆದಾರಿ, ಬೆಂಕಿ ತಗಲಬಹುದಾದ ಒಲೆಯ ಸುತ್ತಲಿನ ಜಾಗ, ಅವಧಿ ಮುಗಿದ ಮಾತ್ರೆಗಳು, ಇವುಗಳಿಂದ ಆರಂಭಿಸುವುದು ಲೇಸು. ದಿನಕ್ಕೊಂದು ಡಬ್ಬಿ ಅಥವಾ ಒಂದು ಗಂಟು ಬಿಚ್ಚಿದರೆ ಸಾಕು. ಯಾವುದನ್ನು ಇಡಬೇಕು, ಯಾವುದನ್ನು ಕೊಡಬೇಕೆಂಬ ತೀರ್ಮಾನ ಹಿರಿಯರದೇ ಆಗಿರಲಿ. ಗೀಳು ಬಲಿತಿದ್ದರೆ ಮನೋವೈದ್ಯರ ಸಲಹೆ, ಮಾತಿನ ಮೂಲಕ ನಡೆಯುವ ಚಿಕಿತ್ಸೆ ಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ. ಕನ್ನಡ, ಮರಾಠಿ ಎರಡರಲ್ಲೂ ಮಾತನಾಡಬಹುದು.

ಗಡಿಭಾಗದ ಮನೆಗಳಲ್ಲಿ ಅವಸರ ಸಲ್ಲದೆನ್ನಲು ಇನ್ನೊಂದು ಕಾರಣವುಂಟು. ಅದೇ ರಾಶಿಯಲ್ಲಿ ಮೋಡಿ ಲಿಪಿಯ ಖರೀದಿಪತ್ರ, ಕನ್ನಡ ಶಾಲೆಯ ಹಳೆಯ ಪಠ್ಯಪುಸ್ತಕ, ಭಜನೆಯ ಪದಗಳ ಕೈಬರಹದ ವಹಿ ಇರಬಹುದು. ಮನೆತನದ ಈ ಎರಡು ನುಡಿಗಳ ಚರಿತ್ರೆ ರದ್ದಿಯ ತಕ್ಕಡಿಗೆ ಹೋದರೆ ಮರಳಿ ಬಾರದು. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತು, ಒಂದೊಂದು ವಸ್ತು ಎಲ್ಲಿಂದ ಬಂತೆಂದು ಕೇಳಿ ಬರೆದುಕೊಳ್ಳಲಿ. ವಸ್ತುವಿನ ಕಥೆ ಮತ್ತೊಬ್ಬರ ಬಳಿ ಉಳಿಯಿತೆಂಬ ಭರವಸೆ ಮೂಡಿದಾಗ, ಕೆಲವರಿಗಾದರೂ ಆ ವಸ್ತುವನ್ನು ಬಿಟ್ಟುಕೊಡುವುದು ಹಗುರವಾಗುತ್ತದೆ.